ಡೇರಿ ಬಾಗಿಲಲ್ಲಿ ಕಲಿತ ಮಾತು

ಹಾಲು ಉತ್ಪಾದಕರ ಸಹಕಾರ ಸಂಘದ ಅಧ್ಯಕ್ಷನೆಂದರೆ ಹಾರ ಹಾಕಿಸಿಕೊಂಡು ಭಾಷಣ ಬಿಗಿಯುವವನು ಎಂದು ಹೊರಗಿನವರು ತಿಳಿದಿರುತ್ತಾರೆ. ಭಾಷಣದ ಸರದಿ ಬರುವುದು ವರ್ಷಕ್ಕೊಮ್ಮೆ, ಮಹಾಸಭೆಯಲ್ಲಿ. ಉಳಿದಂತೆ ನನ್ನ ಮಾತೆಲ್ಲ ನಡೆಯುವುದು ಬೆಳಗಿನ ಹೊತ್ತು, ಕ್ಯಾನು ಹಿಡಿದು ನಿಂತವರ ಸಾಲಿನ ಪಕ್ಕದಲ್ಲಿ. ಅಲ್ಲಿ ಕೆಟ್ಟ ಮಾತನ್ನು ಯಾವ ಮಹಾಸಭೆಯೂ ಸರಿಪಡಿಸಲಾರದು.

ಜಗಳ ಹುಟ್ಟುವುದು ಹೆಚ್ಚಾಗಿ ಫ್ಯಾಟ್ (ಹಾಲಿನ ಜಿಡ್ಡು) ಮತ್ತು ಎಸ್‌ಎನ್‌ಎಫ್ (ಜಿಡ್ಡು, ನೀರು ಬಿಟ್ಟು ಹಾಲಿನಲ್ಲಿ ಉಳಿಯುವ ಘನಾಂಶ) ವಿಚಾರಕ್ಕೆ. ಹಸುವಿನ ಹಾಲಿಗೆ ಶೇಕಡಾ 3.5 ಫ್ಯಾಟ್, 8.5 ಎಸ್‌ಎನ್‌ಎಫ್ ಇಟ್ಟುಕೊಂಡು ದರ ಲೆಕ್ಕ ಹಾಕುತ್ತೇವೆ. ಅಷ್ಟು ಬಾರದಿದ್ದರೆ ದುಡ್ಡು ಇಳಿಯುತ್ತದೆ. ಆದರೆ ಜನ ಕೆರಳುವುದು ದುಡ್ಡು ಇಳಿದದ್ದಕ್ಕಲ್ಲ. ನಾಲ್ಕು ಜನರೆದುರು "ನಿಮ್ಮ ಹಾಲು ತೆಳುವಾಗಿದೆ" ಎಂದರೆ "ನೀರು ಬೆರೆಸಿದ್ದೀರಿ" ಎಂದೇ ಕೇಳಿಸುತ್ತದೆ. ಅದಕ್ಕೇ ನಾನು ಅಧ್ಯಕ್ಷನಾದ ಮೇಲೆ ಹಾಲು ಪರೀಕ್ಷಕರಿಗೆ ಹೇಳಿದ ಮೊದಲ ಮಾತು: ಅಂಕಿಯನ್ನು ಬಾಯಿಬಿಟ್ಟು ಕೂಗಬೇಡಿ, ಚೀಟಿ ಕೈಗೆ ಕೊಡಿ. ಕೇಳುವುದಿದ್ದರೆ ಸಾಲು ಕರಗಿದ ಮೇಲೆ ನನ್ನ ಹತ್ತಿರ ಕಳುಹಿಸಿ.

ಹಾಗೆ ಬಂದವರಲ್ಲಿ ಒಬ್ಬರು ಅಕ್ಕ. ಫ್ಯಾಟ್ 2.9ಕ್ಕೆ ಇಳಿದಿತ್ತು. "ಯಂತ್ರ ಕೆಟ್ಟಿದೆ, ಅಧ್ಯಕ್ಷರೇ" ಎಂದರು. ಇಲ್ಲ ಎಂದು ವಾದಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. "ಹೇಗೆ ಕರೆಯುತ್ತೀರಿ ಅಕ್ಕ, ಕರುವನ್ನು ಯಾವಾಗ ಬಿಡುತ್ತೀರಿ?" ಎಂದು ಕೇಳಿದೆ. ಕೊನೆಯ ಹಾಲನ್ನು ಕರುವಿಗೆ ಬಿಡುತ್ತೇನೆ ಎಂದರು. ಕೆಚ್ಚಲಿನಿಂದ ಮೊದಲು ಇಳಿಯುವ ಹಾಲಿನಲ್ಲಿ ಜಿಡ್ಡು ಕಡಿಮೆ, ಕಡೆಯದರಲ್ಲಿ ಬಹಳ ಹೆಚ್ಚು. ಇದನ್ನು ಅವರಿಗೆ ಹೇಳಲಿಲ್ಲ. ಮಾರನೆಯ ದಿನ ಮೊದಲಿನದನ್ನು ಒಂದು ಲೋಟದಲ್ಲಿ, ಕಡೆಯದನ್ನು ಇನ್ನೊಂದರಲ್ಲಿ ತರಲು ಹೇಳಿದೆ. ಅದೇ ಯಂತ್ರಕ್ಕೆ ಎರಡನ್ನೂ ಹಾಕಿ, ಪರದೆಯ ಮೇಲಿನ ಅಂಕಿಯನ್ನು ಅವರಿಂದಲೇ ಓದಿಸಿದೆ. ಕಡೆಯ ಹಾಲಿನ ಫ್ಯಾಟ್ ಮೊದಲಿನದಕ್ಕಿಂತ ಎರಡು ಪಟ್ಟಿಗೂ ಮೇಲಿತ್ತು. ಅಕ್ಕ ಒಂದು ಸಲ ಯಂತ್ರವನ್ನು, ಒಂದು ಸಲ ನನ್ನನ್ನು ನೋಡಿ, "ಹಾಗಾದರೆ ಕರುವಿಗೆ ಮೊದಲೇ ಹೊಟ್ಟೆ ತುಂಬಾ ಬಿಟ್ಟು ಆಮೇಲೆ ಪೂರ್ತಿ ಕರೆಯಬೇಕು" ಎಂದರು. ಆ ಕೇರಿಯಲ್ಲಿ ಈ ಪಾಠವನ್ನು ಈಗ ಅವರೇ ಮಾಡುತ್ತಾರೆ, ನನಗಿಂತ ಗಟ್ಟಿ ದನಿಯಲ್ಲಿ.

ದರ ಇಳಿದ ಸುದ್ದಿಯನ್ನು ಮುಚ್ಚಿಡುವ ಅಭ್ಯಾಸ ಹಲವು ಸಂಘಗಳಲ್ಲಿದೆ. ಬಟವಾಡೆಯ ದಿನ ಹೇಳೋಣ ಎನ್ನುತ್ತಾರೆ. ನಾನು ಸುದ್ದಿ ಬಂದ ಸಂಜೆಯೇ ಹಲಗೆಯ ಮೇಲೆ ಬರೆಸುತ್ತೇನೆ: ಹಳೆಯ ದರ, ಹೊಸ ದರ, ಯಾವ ತಾರೀಖಿನಿಂದ, ತೀರ್ಮಾನ ಯಾರದು. ಸರ್ಕಾರ ಲೀಟರಿಗೆ ಇಷ್ಟೆಂದು ಕೊಡುವ ಪ್ರೋತ್ಸಾಹಧನದ ಸಾಲು ಬೇರೆ. ಅದು ಯಾವಾಗ ಬರುತ್ತದೆ ಎಂದು ಕೇಳಿದರೆ, ಆದೇಶ ಕೈಗೆ ಬರುವವರೆಗೆ ನನ್ನ ಬಾಯಲ್ಲಿ ತಾರೀಖು ಹುಟ್ಟುವುದಿಲ್ಲ.

2022ರಲ್ಲಿ ದನಗಳ ಮೈಮೇಲೆ ಗಂಟು ಏಳುವ ಚರ್ಮಗಂಟು ರೋಗ ಬಂದಾಗ ಮಾತಿಗೆ ನಿಜವಾದ ಪರೀಕ್ಷೆ. ಹಾಲು ಕುಡಿದರೆ ಮನುಷ್ಯರಿಗೂ ಗಂಟು ಏಳುತ್ತದೆ ಎಂಬ ವಾಟ್ಸಾಪ್ ಸುದ್ದಿ ಒಂದು ಕಡೆ, "ಮೇಕೆಯ ಲಸಿಕೆಯನ್ನು ಹಸುವಿಗೆ ಚುಚ್ಚುತ್ತಾರಂತೆ" ಎಂಬ ಗುಮಾನಿ ಇನ್ನೊಂದು ಕಡೆ. ಎರಡನೆಯದು ಸುಳ್ಳಲ್ಲ, ಆಗ ಹಾಕುತ್ತಿದ್ದದ್ದು ಮೇಕೆ ಸಿಡುಬಿನ ಲಸಿಕೆಯೇ. ಅಲ್ಲಗಳೆಯಲು ಹೋಗದೆ, ಪಶುವೈದ್ಯರನ್ನು ಬೆಳಿಗ್ಗೆ ಡೇರಿಯ ಮುಂದೆಯೇ ನಿಲ್ಲಿಸಿದೆ. ಎರಡೂ ರೋಗದ ವೈರಾಣುಗಳು ಒಂದೇ ಕುಲದವು, ಚರ್ಮಗಂಟು ಮನುಷ್ಯರಿಗೆ ಅಂಟುವುದಿಲ್ಲ ಎಂದು ಅವರು ಹೇಳಿದರು. ಲಸಿಕೆಯಾದ ಮೇಲೆ ಕೆಲವು ದಿನ ಹಾಲು ಕಡಿಮೆಯಾಗಬಹುದು ಎಂಬುದನ್ನು ಮಾತ್ರ ನಾನೇ ಹೇಳಿದೆ, ಅದೂ ಎಲ್ಲಕ್ಕಿಂತ ಮೊದಲು. ನಷ್ಟದ ಮಾತನ್ನು ಮುಚ್ಚಿಡದವನ ಉಳಿದ ಮಾತಿಗೆ ಜನ ಕಿವಿಗೊಡುತ್ತಾರೆ. ಮೊದಲ ಚುಚ್ಚುಮದ್ದು ನನ್ನ ಕೊಟ್ಟಿಗೆಯಲ್ಲೇ ಆಯಿತು.

ಮಹಾಸಭೆಯ ತಯಾರಿಯೂ ಡೇರಿ ಬಾಗಿಲಲ್ಲೇ. ಲೆಕ್ಕಪತ್ರದಲ್ಲಿ "ಇತರೆ ವೆಚ್ಚ" ಎಂಬ ಸಾಲು ಕಂಡರೆ ಕಾರ್ಯದರ್ಶಿಯಿಂದ ಬಿಡಿಸಿ ಬರೆಸುತ್ತೇನೆ. ಗಲಾಟೆಯ ಅರ್ಧ ಬೇರು ಅಲ್ಲಿರುತ್ತದೆ. ಪ್ರತಿ ವರ್ಷ ಎದ್ದು ಕೂಗುವ ಹಿರಿಯರೊಬ್ಬರಿದ್ದಾರೆ. ಅವರ ಮನೆಗೆ ಮುಂಚೆಯೇ ಹೋಗಿ ಲೆಕ್ಕ ತೋರಿಸುತ್ತೇನೆ, ಸಭೆಯಲ್ಲಿ ಮೈಕನ್ನು ಮೊದಲು ಅವರಿಗೇ ಕೊಡಿಸುತ್ತೇನೆ. ಕೂಗು ನಿಂತಿಲ್ಲ, ಆದರೆ ಈಗ ಪುಟಸಂಖ್ಯೆ ಹೇಳಿ ಕೂಗುತ್ತಾರೆ. ಅದರಿಂದ ಸಂಘಕ್ಕೆ ಲಾಭವೇ.

ಕಷ್ಟವಾದದ್ದು ಹೆಂಗಸರ ಮಾತು ಕೇಳಿಸಿಕೊಳ್ಳುವುದು. ಹಸು ನೋಡುವವರು, ಹಾಲು ತರುವವರು ಅವರು. ಸದಸ್ಯತ್ವ ಬಹುಪಾಲು ಗಂಡಂದಿರ ಹೆಸರಿನಲ್ಲಿ. ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಎದ್ದುಹೋಗುತ್ತಿದ್ದರು. ಸಂಜೆಯ ಹಾಲು ಮುಗಿದ ಮೇಲೆ ಗಂಡಸರಿಲ್ಲದ ಹೊತ್ತು ನೋಡಿ ಡೇರಿ ಜಗಲಿಯಲ್ಲೇ ಕೂರಿಸಿ ಕೇಳಿದೆ. ಹಿಂಡಿಯ ಬೆಲೆ, ಬೋನಸ್ ಎಂದುಕೊಂಡಿದ್ದೆ. ಅವರು ಕೇಳಿದ್ದು ಬೇರೆ: ಹಾಲಿನ ಲೆಕ್ಕದ ಸಂದೇಶ ಗಂಡನ ಮೊಬೈಲಿಗೆ ಹೋಗುತ್ತದೆ, ಹಾಲು ಹಾಕುವವರ ಮೊಬೈಲಿಗೆ ಬರಲಿ. ಆಡಳಿತ ಮಂಡಳಿಯಲ್ಲಿ ಸ್ವಲ್ಪ ಗೊಣಗಾಟದ ನಂತರ ನಿರ್ಣಯವಾಯಿತು. ನಂಬರು ಬದಲಿಸುವ ಕೆಲಸ ಇನ್ನೂ ನಡೆದಿದೆ. ಕೆಲವು ಗಂಡಂದಿರು ನನ್ನ ಮೇಲೆ ಮುನಿಸಿಕೊಂಡಿದ್ದಾರೆ.