ಪಿತ್ತನಾಳದ ಕ್ಯಾನ್ಸರ್‌: ಮಾತ್ರೆಗೆ ಮೊದಲು ಬ್ಲಾಕ್, ಮಾತ್ರೆಯ ಜತೆ ತಟ್ಟೆ

ಹರಡಿದ ಪಿತ್ತನಾಳದ ಕ್ಯಾನ್ಸರ್‌ಗೆ ಮೊದಲು ಕೊಡುವುದು ಜೆಮ್ಸಿಟಾಬಿನ್–ಸಿಸ್ಪ್ಲಾಟಿನ್ ಕೀಮೋ, ಆಗುವವರಿಗೆ ಜತೆಗೆ ಇಮ್ಯುನೋಥೆರಪಿ. ಜೀನ್ ನೋಡಿ ಕೊಡುವ ಮಾತ್ರೆಗಳ ಸರದಿ ಸಾಮಾನ್ಯವಾಗಿ ಆಮೇಲೆ. ಹಾಗಂತ ಪರೀಕ್ಷೆಯನ್ನು ಮುಂದೂಡಬಾರದು. ದಾವಣಗೆರೆಯಲ್ಲಿ ನಾವು ಮೊದಲ ಕೀಮೋ ವಾರದಲ್ಲೇ ಬ್ಲಾಕ್ (ಬಯಾಪ್ಸಿ ತುಂಡನ್ನು ಹುದುಗಿಸಿದ ಮೇಣದ ಅಚ್ಚು) ಜೀನ್ ಪರೀಕ್ಷೆಗೆ ಕಳಿಸುತ್ತೇವೆ.

ಪಿತ್ತನಾಳ ತೆರೆದಿಡಲು ಸ್ಟೆಂಟ್ ಎಂಬ ಕೊಳವೆ ಹಾಕುವಾಗ ಬ್ರಷ್‌ನಿಂದ ಕೆರೆದ ಕೋಶಗಳು ಜೀನ್ ಪರೀಕ್ಷೆಗೆ ಹಲವು ಸಲ ಸಾಲುವುದಿಲ್ಲ. ಲಿವರ್‌ನಲ್ಲಿ ಗಡ್ಡೆಯಿದ್ದರೆ ಸೂಜಿ ಬಯಾಪ್ಸಿಯಲ್ಲಿ ಮೂರು-ನಾಲ್ಕು ಎಳೆ ತೆಗೆಸಿ. ಮೇಣದ ಬ್ಲಾಕಿನೊಳಗೆ ಇರುವುದು ದಾರದಷ್ಟು ತೆಳು ಅಂಗಾಂಶ. ಸ್ಟೈನ್ (ಬಣ್ಣ ಹಾಕಿ ನೋಡುವ ಪರೀಕ್ಷೆ) ಮೇಲೆ ಸ್ಟೈನ್ ಮಾಡಿದರೆ ತೀರಿಹೋಗುತ್ತದೆ. ಶನಿವಾರದ ತುಂಡು ರಜೆ ಮುಗಿಯುವವರೆಗೆ ಫಾರ್ಮಾಲಿನ್‌ನಲ್ಲೇ ಉಳಿದರೆ ಆರ್‌ಎನ್‌ಎ ಚೂರುಚೂರಾಗುತ್ತದೆ. ಎಫ್‌ಜಿಎಫ್‌ಆರ್2 ಫ್ಯೂಷನ್, ಅಂದರೆ ಆ ಜೀನ್ ಇನ್ನೊಂದಕ್ಕೆ ಅಂಟಿಕೊಂಡಿರುವುದು, ಚೆನ್ನಾಗಿ ಕಾಣುವುದು ಆರ್‌ಎನ್‌ಎಯಲ್ಲೇ. ಫಾರ್ಮಿನಲ್ಲಿ ಆರ್‌ಎನ್‌ಎ ಪರೀಕ್ಷೆ ಬೇಕೆಂದು ಬರೆದೇ ಕಳಿಸಿ. ರಕ್ತದ ಪರೀಕ್ಷೆಯೊಂದನ್ನೇ ನಂಬಿದರೆ ಫ್ಯೂಷನ್ ತಪ್ಪಿಹೋಗಬಹುದು.

ಫ್ಯೂಷನ್ ಇದ್ದರೆ ಪೆಮಿಗಾಟಿನಿಬ್ 13.5 ಮಿ.ಗ್ರಾಂ, ದಿನಕ್ಕೊಂದು, 14 ದಿನ. ನಂತರ 7 ದಿನ ಬಿಡುವು. ಕಿಡ್ನಿ ಫಾಸ್ಫೇಟನ್ನು ಹೊರಹಾಕುವ ಸೂಚನೆಯನ್ನೂ ಈ ಮಾತ್ರೆ ತಡೆಯುವುದರಿಂದ ರಕ್ತದಲ್ಲಿ ಫಾಸ್ಫೇಟ್ ಏರುತ್ತದೆ. ಅದು 5.5 ಮಿ.ಗ್ರಾಂ/ಡಿಎಲ್ ದಾಟಿದರೆ ಪಥ್ಯ, 7 ದಾಟಿದರೆ ಊಟದ ಫಾಸ್ಫೇಟನ್ನು ಕರುಳಿನಲ್ಲೇ ಹಿಡಿಯುವ ಸೆವೆಲಮರ್‌ನಂಥ ಮಾತ್ರೆ. ಸೆವೆಲಮರ್ ಊಟದ ಜತೆಗೇ ಹೋಗಬೇಕು, ಬರೀ ಹೊಟ್ಟೆಗೆ ನುಂಗಿದರೆ ಹಿಡಿಯಲು ಫಾಸ್ಫೇಟೇ ಇರುವುದಿಲ್ಲ. ಪಥ್ಯ ಅಂದರೆ ಉಪವಾಸವಲ್ಲ, ಈ ರೋಗಿಗಳು ಮೊದಲೇ ಸೊರಗಿರುತ್ತಾರೆ. ಕೋಲಾ, ಪ್ಯಾಕೆಟ್ ತಿಂಡಿ ಪೂರ್ತಿ ಬಿಡಿಸಿ, ಹಾಲು-ಮೊಸರು ಕಡಿಮೆ ಮಾಡಿಸಿ. ಚಳ್ಳಕೆರೆ ಕಡೆಯವರಿಗೆ ಶೇಂಗಾ ಚಟ್ನಿ ಬಿಡಿ ಎಂದರೆ ಊಟವೇ ನಿಲ್ಲುತ್ತದೆ. ಒಂದು ಚಮಚಕ್ಕೆ ಇಳಿಸಿದರೆ ಸಾಕು. ಬಿಡುವಿನ ವಾರ ಪಥ್ಯವೂ ಸೆವೆಲಮರೂ ಬೇಡ. ಇದನ್ನು ಹೇಳದಿದ್ದರೆ ಮನೆಯವರು ಮುಂದುವರಿಸಿ ಫಾಸ್ಫೇಟ್ ಪಾತಾಳಕ್ಕಿಳಿಯುತ್ತದೆ.

ಪೆಮಿಗಾಟಿನಿಬ್‌ನಿಂದ ಕಣ್ಣಿನ ರೆಟಿನಾದಡಿ ನೀರು ಸೇರಬಹುದು. ಶುರುಮಾಡುವ ಮೊದಲು ಓಸಿಟಿ ಸ್ಕ್ಯಾನ್ (ರೆಟಿನಾದ ಪದರಗಳನ್ನು ತೋರಿಸುವ ಕಣ್ಣಿನ ಸ್ಕ್ಯಾನ್), ಮೊದಲ ಆರು ತಿಂಗಳು ಎರಡು ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ. ಕ್ಷಯಕ್ಕೆ ರಿಫಾಂಪಿಸಿನ್ ನಡೆಯುತ್ತಿದೆಯೇ ಕೇಳಿ. ಅದು ಈ ಔಷಧದ ಮಟ್ಟ ತಗ್ಗಿಸುತ್ತದೆ.

ಪರೀಕ್ಷೆಯಲ್ಲಿ ಐಡಿಎಚ್1 ಜೀನ್‌ನ ಬದಲಾವಣೆ ಬಂದರೆ ಐವೊಸಿಡೆನಿಬ್ 250 ಮಿ.ಗ್ರಾಂ ಎರಡು ಮಾತ್ರೆ, ದಿನಕ್ಕೊಮ್ಮೆ. ಜಿಡ್ಡಿನ ಊಟದ ಜತೆ ನುಂಗಿದರೆ ದೇಹ ಔಷಧವನ್ನು ಅತಿಯಾಗಿ ಹೀರಿಕೊಳ್ಳುತ್ತದೆ. ಬೆಣ್ಣೆ ದೋಸೆ ತಿಂದು ಮಾತ್ರೆ ನುಂಗುವುದು ಬೇಡ. ಇಸಿಜಿಯಲ್ಲಿ ಕ್ಯೂಟಿ (ಪ್ರತಿ ಬಡಿತದ ವಿದ್ಯುತ್ ಚಟುವಟಿಕೆಯ ಅವಧಿ; ಉದ್ದವಾದರೆ ಬಡಿತದ ತಾಳ ತಪ್ಪಬಹುದು) ಉದ್ದವಾಗಬಹುದಾದ್ದರಿಂದ ಮೊದಲ ಮೂರು ವಾರ ವಾರಕ್ಕೊಮ್ಮೆ, ನಂತರ ತಿಂಗಳಿಗೊಮ್ಮೆ ಇಸಿಜಿ. ವಾಂತಿಗೆ ಆಂಡನ್‌ಸೆಟ್ರಾನ್, ಜ್ವರಕ್ಕೆ ಸಿಪ್ರೊಫ್ಲಾಕ್ಸಾಸಿನ್ ಊರಿನ ಕ್ಲಿನಿಕ್‌ನಲ್ಲಿ ಸಲೀಸಾಗಿ ಸಿಗುತ್ತವೆ. ಎರಡೂ ಕ್ಯೂಟಿ ಹಿಗ್ಗಿಸುವವೇ. ಮಾತ್ರೆಯ ಹೆಸರು ಬರೆದ ಚೀಟಿ ರೋಗಿಯ ಜೇಬಿನಲ್ಲಿರಲಿ.

ಚಳಿಜ್ವರ, ಕಣ್ಣು ಹಳದಿ ಬಂದರೆ ಮಾತ್ರೆಯನ್ನು ದೂರುವ ಮೊದಲು ಅಲ್ಟ್ರಾಸೌಂಡ್ ಮಾಡಿಸಿ ಸ್ಟೆಂಟ್ ಕಟ್ಟಿದೆಯೇ ನೋಡಿ. ಅಂದೇ ಆಗಬೇಕು, ನಾಳೆಗಲ್ಲ.