ಕಾರ್ ಆಂಪ್ಲಿಫೈಯರ್ ತಗೊಳ್ಳೋ ಮುಂಚೆ ವ್ಯಾಟ್ಸ್ ಲೆಕ್ಕ ಸರಿಯಾಗಿ ನೋಡೋದು ಹೇಗೆ

ಕಾರವಾರದಲ್ಲಿ ತಗೊಳ್ಳಿ, ಶಿರಸಿಲಿ ತಗೊಳ್ಳಿ, ಗಡಿ ದಾಟಿ ಮಡಗಾಂವ್‌ಗೇ ಹೋಗಿ ತಗೊಳ್ಳಿ, ಆಂಪ್ಲಿಫೈಯರ್ ಡಬ್ಬಿ ಮೇಲೆ 2000 ವ್ಯಾಟ್ಸ್, 4000 ವ್ಯಾಟ್ಸ್ ಅಂತ ದಪ್ಪಕ್ಕೆ ಹಾಕಿರ್ತಾರೆ. ಅದನ್ನ ನೋಡಿ ದುಡ್ಡು ಕೊಡ್ಬೇಡಿ. ನಿಮಗೆ ಬೇಕಾದ ನಂಬರ್ ಡಬ್ಬಿ ಹಿಂದ್ಗಡೆ ಸಣ್ಣಕ್ಕೋ ಒಳಗಿರೋ ಪುಸ್ತಕದಲ್ಲೋ ಇರುತ್ತೆ, ಅದೇ ಆರ್‌ಎಂಎಸ್, ಅಂದ್ರೆ ಆಂಪ್ಲಿಫೈಯರ್ ನಿಲ್ಲಿಸ್ದೆ ಕೊಡ್ತಾ ಇರಬಹುದಾದ ಪವರ್. ಮ್ಯಾಕ್ಸ್, ಪೀಕ್ ಅನ್ನೋದೆಲ್ಲ ಒಂದು ಕ್ಷಣದ ಲೆಕ್ಕ, ಇನ್ನು ಪಿಎಂಪಿಒ ಅಂತ ಬರೆದಿದ್ರೆ ಅದಕ್ಕೆ ಅಳತೆಯ ನಿಯಮ ಅಂತನೇ ಇಲ್ಲ, ಕಂಪನಿಯವರು ಎಷ್ಟು ಬೇಕಾದ್ರೂ ಹಾಕ್ಕೊಬಹುದು.

ಆರ್‌ಎಂಎಸ್ ಅಂತ ಬರೆದಿದೆ ಅಂದ ಮಾತ್ರಕ್ಕೂ ಸುಮ್ನಾಗ್ಬೇಡಿ, ಅದರ ಪಕ್ಕ ಎಷ್ಟು ಓಮ್‌ಗೆ (ಸ್ಪೀಕರ್ ಕರೆಂಟಿಗೆ ಒಡ್ಡೋ ತಡೆ), ಎಷ್ಟು ವೋಲ್ಟಿಗೆ, ಎಷ್ಟು ಡಿಸ್ಟಾರ್ಷನ್‌ನಲ್ಲಿ (ಸ್ವರ ಕೆಡೋ ಪ್ರಮಾಣ) ಅಂತ ಇರಬೇಕು. 2003ರಲ್ಲಿ ಅಮೆರಿಕದಲ್ಲಿ ಸಿಇಎ-2006 ಅಂತ ಒಂದು ಸ್ಟ್ಯಾಂಡರ್ಡ್ ಬಂತು, ಈಗ ಅದನ್ನೇ ಸಿಟಿಎ-2006 ಅಂತಾರೆ, ಅದರ ಪ್ರಕಾರ 4 ಓಮ್ ಲೋಡ್, 14.4 ವೋಲ್ಟ್, ಡಿಸ್ಟಾರ್ಷನ್ 1 ಪರ್ಸೆಂಟ್ ಒಳಗೆ ಇಟ್ಟು ಅಳೀಬೇಕು. ಡಬ್ಬಿ ಮೇಲೆ ಆ ಗುರುತು ಇದ್ರೆ ಎರಡು ಕಂಪನಿಯ ಮಾಲನ್ನ ಪಕ್ಕ ಪಕ್ಕ ಇಟ್ಟು ಹೋಲಿಸಬಹುದು. 10 ಪರ್ಸೆಂಟ್ ಡಿಸ್ಟಾರ್ಷನ್‌ನಲ್ಲಿ ಅಳೆದು ದೊಡ್ಡ ನಂಬರ್ ಹಾಕಿದ್ರೆ ಅಷ್ಟು ಜೋರಲ್ಲಿ ಕೇಳೋಕೇ ಆಗಲ್ಲ, ಸ್ವರ ಒಡೆದಿರುತ್ತೆ.

ಆ 14.4 ವೋಲ್ಟ್ ಇಂಜಿನ್ ಓಡ್ತಾ ಇದ್ದಾಗಿನ ಲೆಕ್ಕ. ಟಾಗೋರ್ ಬೀಚ್ ಹತ್ರ ಗಾಡಿ ನಿಲ್ಸಿ ಇಂಜಿನ್ ಆಫ್ ಮಾಡಿ ಹಾಡು ಹಾಕಿದ್ರೆ ಬ್ಯಾಟರಿಲಿ ಇರೋದು ಹೆಚ್ಚಂದ್ರೆ 12.6, ಆಗ ಮಾಮೂಲಿ ಆಂಪ್ಲಿಫೈಯರಿನ 75 ವ್ಯಾಟ್ಸ್ ಸುಮಾರು 57ಕ್ಕೆ ಇಳಿಯುತ್ತೆ.

ಯಾವ ಪುಸ್ತಕನೂ ಇಲ್ಲ, ಅಂಗಡಿಯವ್ರಿಗೂ ಗೊತ್ತಿಲ್ಲ ಅಂದ್ರೆ ಫ್ಯೂಸ್ ನೋಡಿ. ಇದು ನನಗೆ ಎಲ್ಲಕ್ಕಿಂತ ನಂಬಿಕೆಯ ದಾರಿ. ಪವರ್ ವೈರ್ ಕೂರೋ ಜಾಗದ ಪಕ್ಕದಲ್ಲೇ ಬಣ್ಣದ ಪ್ಲಾಸ್ಟಿಕ್ ಫ್ಯೂಸ್ ಇರುತ್ತೆ, ಹಸಿರಿದ್ರೆ 30 ಆಂಪಿಯರ್. 4000 ವ್ಯಾಟ್ಸ್ ಅಂತ ಬರೆದಿರೋ ಆಂಪ್ಲಿಫೈಯರಿಗೆ ಅಂಥದ್ದು ಒಂದೇ ಒಂದು ಫ್ಯೂಸ್ ಇದೆ ಅಂತ ಇಟ್ಕೊಳ್ಳಿ. 30ನ್ನ 14.4ರಿಂದ ಗುಣಿಸಿ, 432 ವ್ಯಾಟ್ಸ್ ಬಂತು, ಅದು ಬ್ಯಾಟರಿಯಿಂದ ಒಳಗೆ ಹೋಗೋದು, ಹೊರಗೆ ಬರೋದಲ್ಲ. ಆಂಪ್ಲಿಫೈಯರಿನಲ್ಲಿ ಕ್ಲಾಸ್ ಡಿ, ಕ್ಲಾಸ್ ಎಬಿ ಅಂತೆಲ್ಲ ಥರ ಇರುತ್ತೆ, ಕ್ಲಾಸ್ ಡಿ ಆದ್ರೆ ಅದರಲ್ಲಿ ಸುಮಾರು 80 ಪರ್ಸೆಂಟ್ ಸ್ಪೀಕರಿಗೆ ಹೋಗುತ್ತೆ, ಅಂದ್ರೆ 345ರ ಆಸುಪಾಸು, ಕ್ಲಾಸ್ ಎಬಿ ಆದ್ರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ, ಉಳಿದಿದ್ದೆಲ್ಲ ಬಿಸಿಯಾಗಿ ಹೋಗುತ್ತೆ. ಇದೂ ಎಲ್ಲ ಚಾನೆಲ್, ಅಂದ್ರೆ ಸ್ಪೀಕರಿಗೆ ಹೋಗೋ ಎಲ್ಲ ಔಟ್‌ಪುಟ್ ಸೇರಿ. ಎಲ್ಲಿಂದ ಬರ್ಬೇಕು 4000?

ಕಾರಿನ ಸ್ಟೀರಿಯೋ ಮೇಲೆ ಇರೋ 50 ವ್ಯಾಟ್ಸ್ ಇಂಟು 4 ಕೂಡ ಇದೇ ಥರದ್ದೇ. 14.4ನ್ನ 14.4ರಿಂದನೇ ಗುಣಿಸಿ 4 ಓಮಿಂದ ಭಾಗಿಸಿ ನೋಡಿ, 51.84 ಬರುತ್ತೆ. ಅಂದ್ರೆ ಸ್ವರದ ಅಲೆ ಪೂರ್ತಿ ಒಡೆದು ಚೌಕ ಆದ್ಮೇಲಿನ ಲೆಕ್ಕ. ಚೊಕ್ಕವಾಗಿ ಬರೋದು 18, 20 ವ್ಯಾಟ್ಸ್.

ಅಷ್ಟು ಸಾಕಲ್ವಾ ಅಂತ ಕೇಳ್ತೀರಿ. ಸಣ್ಣಕ್ಕೆ ಹಾಡು ಕೇಳೋರಿಗೆ ಖಂಡಿತ ಸಾಕು. ಆದ್ರೆ ನಮ್ಮ ಕಡೆ ದೇವಿಮನೆ ಘಾಟಿ ಹತ್ತೋವಾಗ, ಇಳಿಯೋವಾಗ ಕಾರಲ್ಲಿ ಯಕ್ಷಗಾನ ಹಾಕ್ಕೊಂಡೇ ಹೋಗೋರು ಬೇಕಾದಷ್ಟು ಜನ, ಅವರಿಗೆ ವ್ಯತ್ಯಾಸ ಗೊತ್ತಾಗೋದು ಚಂಡೆ ಏರಿದಾಗ. ಭಾಗವತರ ಪದ, ಮದ್ದಳೆ ನಡೀತಾ ಇರುವಾಗ ಸರಾಸರಿ 2 ವ್ಯಾಟ್ಸ್ ಖರ್ಚಾಗ್ತಾ ಇದೆ ಅಂದ್ಕೊಳ್ಳಿ, ಚಂಡೆಯ ಒಂದು ಪೆಟ್ಟು ಅದಕ್ಕಿಂತ 10 ಡೆಸಿಬಲ್ ಮೇಲೆ ಹೋದ್ರೆ ಆ ಕ್ಷಣಕ್ಕೆ 10 ಪಟ್ಟು, ಅಂದ್ರೆ 20 ವ್ಯಾಟ್ಸ್ ಬೇಕು, ಅಲ್ಲಿಗೆ ಸ್ಟೀರಿಯೋ ಸುಸ್ತು. ಪೆಟ್ಟಿನ ಮೊನೆ ಕತ್ತರಿಸಿ ಹೋಗಿ ತಗಡು ಬಡಿದಂಗೆ ಕೇಳುತ್ತೆ, ಕಿವಿ ನೋಯುತ್ತೆ, ಜನ ಸ್ಪೀಕರ್ ಸರಿಯಿಲ್ಲ ಅಂತ ಸ್ಪೀಕರ್ ಬದಲಾಯಿಸ್ತಾರೆ. ನಿಜವಾದ 60, 75 ವ್ಯಾಟ್ಸ್ ಆರ್‌ಎಂಎಸ್ ಇದ್ದು ನೀವು ಅದೇ ಸೌಂಡಲ್ಲಿ ಕೇಳಿದ್ರೂ ಚಂಡೆ ಚಂಡೆ ಥರನೇ ಕೇಳುತ್ತೆ.

ಹಾಗಂತ ವ್ಯಾಟ್ಸ್ ಡಬಲ್ ಆದ್ರೆ ಸೌಂಡ್ ಡಬಲ್ ಆಗಲ್ಲ. ಡಬಲ್ ಪವರಿಗೆ ಏರೋದು ಬರೀ 3 ಡೆಸಿಬಲ್, ಕಿವಿಗೆ ಎರಡು ಪಟ್ಟು ಅನ್ನಿಸ್ಬೇಕಾದ್ರೆ ಸುಮಾರು 10 ಪಟ್ಟು ಪವರ್ ಬೇಕು. ಅದಕ್ಕೇ ಸ್ಪೀಕರಿನ ಸೆನ್ಸಿಟಿವಿಟಿ, ಅಂದ್ರೆ ಅಷ್ಟೇ ಪವರಿಗೆ ಅದು ಎಷ್ಟು ಜೋರಾಗಿ ಕೇಳುತ್ತೆ ಅನ್ನೋದನ್ನ ನೋಡಿ ಅನ್ನೋದು, 87 ಡೆಸಿಬಲ್ ಬಿಟ್ಟು 90 ಡೆಸಿಬಲ್‌ದು ತಗೊಂಡ್ರೆ ಆಂಪ್ಲಿಫೈಯರ್ ಡಬಲ್ ಮಾಡಿದಷ್ಟೇ ಲಾಭ.

ಓಮ್ ವಿಷಯ ಬೇಗ ಹೇಳ್ತೀನಿ. 2 ಓಮ್‌ನಲ್ಲಿ ಬರೆದಿರೋ ವ್ಯಾಟ್ಸ್ ನಿಮ್ಮ 4 ಓಮ್ ಸ್ಪೀಕರಿಗೆ ಸಿಗಲ್ಲ. ಎರಡು ಚಾನೆಲ್ ಬ್ರಿಡ್ಜ್ ಮಾಡಿ, ಅಂದ್ರೆ ಸೇರಿಸಿ ಒಂದೇ ಮಾಡಿ, 4 ಓಮ್ ಸಬ್‌ವೂಫರ್ (ಬಾಸಿಗೆ ಇರೋ ದೊಡ್ಡ ಸ್ಪೀಕರ್) ಹಾಕಿದ್ರೆ ಪ್ರತಿ ಚಾನೆಲಿಗೂ ಅದು 2 ಓಮ್ ಥರ ಕಾಣುತ್ತೆ, ಡ್ಯುಯಲ್ ಕಾಯಿಲ್ (ತಲಾ 4 ಓಮಿನ ಎರಡು ಕಾಯಿಲ್ ಇರೋ) ಸಬ್‌ವೂಫರನ್ನ ಪ್ಯಾರಲಲ್ ಕೊಟ್ರೆ 2 ಓಮ್, ಸೀರೀಸ್ ಕೊಟ್ರೆ 8. ಪ್ಯಾರಲಲ್ ಕೊಟ್ಟು ಅದನ್ನೇ ಬ್ರಿಡ್ಜ್‌ಗೂ ಹಾಕಿದ್ರೆ ಹೆಚ್ಚಿನ ಆಂಪ್ಲಿಫೈಯರ್ ಪ್ರೊಟೆಕ್ಷನ್‌ಗೆ ಹೋಗುತ್ತೆ, ಅಂದ್ರೆ ತಾನೇ ಆಫ್ ಆಗುತ್ತೆ, ಇಲ್ಲಾ ಸುಟ್ಟೇ ಹೋಗುತ್ತೆ.

ತಂದು ಹಾಕಿದ್ಮೇಲೆ ಆಂಪ್ಲಿಫೈಯರ್ ಮೇಲಿರೋ ಗೇನ್ ಗುಂಡಿ ತಿರುಪೋದು ಸೌಂಡ್ ಜಾಸ್ತಿ ಮಾಡೋಕೆ ಅಂದ್ಕೊಬೇಡಿ, ಅದು ಸ್ಟೀರಿಯೋ ಮತ್ತು ಆಂಪ್ಲಿಫೈಯರ್ ಹೊಂದಾಣಿಕೆಗೆ. ಸ್ಪೀಕರ್ ವೈರ್ ಬಿಚ್ಚಿ, ಬಾಸ್ ಬೂಸ್ಟ್, ಫಿಲ್ಟರ್ ಎಲ್ಲ ಆಫ್ ಮಾಡಿ, ಗೇನ್ ಪೂರ್ತಿ ಕಮ್ಮಿಗೆ ಇಟ್ಟು, ಸ್ಟೀರಿಯೋ ವಾಲ್ಯೂಮ್ ಮುಕ್ಕಾಲಿಗೆ ಇಡಿ, 100 ಹರ್ಟ್ಸ್ ಟೆಸ್ಟ್ ಟೋನ್ ಹಾಕಿ, ಮಲ್ಟಿಮೀಟರನ್ನ ಎಸಿ ವೋಲ್ಟ್‌ಗೆ ಇಟ್ಟು ಸ್ಪೀಕರ್ ಔಟ್‌ಪುಟ್‌ಗೆ ಹಿಡೀರಿ. ಆರ್‌ಎಂಎಸ್ ವ್ಯಾಟ್ಸನ್ನ ಓಮಿಂದ ಗುಣಿಸಿ ವರ್ಗಮೂಲ ತೆಗೆದ್ರೆ ಎಷ್ಟು ವೋಲ್ಟ್ ಬರಬೇಕು ಅಂತ ಗೊತ್ತಾಗುತ್ತೆ, 75 ವ್ಯಾಟ್ಸ್ 4 ಓಮ್‌ಗೆ 17.3. ನಿಧಾನಕ್ಕೆ ಏರಿಸ್ತಾ ಅಲ್ಲಿಗೆ ನಿಲ್ಸಿ. ಡಬ್ಬಿಯ ಸುಳ್ಳು ವ್ಯಾಟ್ಸ್ ಹಾಕಿ ಲೆಕ್ಕ ಮಾಡಿದ್ರೆ ಮಾತ್ರ ಟ್ವೀಟರ್ (ಏರು ಸ್ವರದ ಸಣ್ಣ ಸ್ಪೀಕರ್) ಮೊದಲು ಹೋಗುತ್ತೆ.

ಕೊನೆಗೆ ವೈರ್. ಕಮ್ಮಿ ರೇಟಿನ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಬರೋದು ಸಿಸಿಎ, ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ, ಅದು ಶುದ್ಧ ತಾಮ್ರದಷ್ಟು ಕರೆಂಟ್ ಎಳೆಯಲ್ಲ. ಕಾರವಾರ, ಅಂಕೋಲಾ, ಕುಮಟಾ, ಭಟ್ಕಳದ ಉಪ್ಪು ಗಾಳಿಗೆ ಅದರ ತುದಿ ಬೇಗ ಬೂದಿ ಬಣ್ಣಕ್ಕೆ ತಿರುಗಿ ಹಿಡಿತ ಬಿಡುತ್ತೆ, ಅಲ್ಲೇ ವೋಲ್ಟೇಜ್ ಬಿದ್ದು ವ್ಯಾಟ್ಸ್ ಹೋಗುತ್ತೆ. ಪೂರ್ತಿ ತಾಮ್ರದ್ದೇ ಕೇಳಿ ತಗೊಳ್ಳಿ, ಬ್ಯಾಟರಿಯಿಂದ ಒಂದೂವರೆ ಅಡಿ ಒಳಗೆ ಫ್ಯೂಸ್ ಹಾಕ್ಸಿ, ಅರ್ತ್ ಕೊಡೋ ಜಾಗದಲ್ಲಿ ಪೇಂಟ್ ಕೆರೆದು ಬರೀ ಲೋಹಕ್ಕೆ ಬೋಲ್ಟ್ ಬಿಗಿದು ಮೇಲಿಂದ ಗ್ರೀಸ್ ಹಚ್ಚಿ. ಸೀಟ್ ಕೆಳಗೆ ಆಂಪ್ಲಿಫೈಯರ್ ಇಟ್ಟಿದ್ರೆ ಮಳೆಗಾಲದಲ್ಲಿ ಒದ್ದೆ ಮ್ಯಾಟಿಗೆ ತಾಗದ ಹಾಗೆ ಒಂದಿಂಚು ಎತ್ತರಕ್ಕೆ ಕೂರಿಸಿ.