ಪರಿಸರ ವಿಜ್ಞಾನದಲ್ಲಿ ಪಿಎಚ್‌.ಡಿ.: ಸೀಟು ಸಿಕ್ಕರೆ ಸಾಲದು, ಸ್ಟೈಪೆಂಡೂ ಬೇಕು

ಎಂ.ಎಸ್ಸಿ. ಮುಗಿಸಿದವರು ಕೇಳುವುದು, ‘ಪಿಎಚ್‌.ಡಿ. ಸೀಟು ಎಲ್ಲಿ ಸಿಗುತ್ತೆ?’ ಮನೆಯವರು ಕೇಳುವುದು, ‘ಐದು ವರ್ಷ ಖರ್ಚಿಗೆ ಏನು ಮಾಡ್ತೀಯಪ್ಪ?’ ಮನೆಯವರ ಪ್ರಶ್ನೆಯೇ ಮೊದಲು ಬರಬೇಕು. ಎಷ್ಟೋ ಕಡೆ ಸೀಟಿನ ದಾರಿ ಬೇರೆ, ದುಡ್ಡಿನ ದಾರಿ ಬೇರೆ. ಬೆಂಗಳೂರಿನ ಬಾಡಿಗೆ ಗೊತ್ತಲ್ವಾ? ಹಾಗಾಗಿ ದುಡ್ಡಿನಿಂದಲೇ ಶುರು ಮಾಡೋಣ.

ದುಡ್ಡು ಯಾರ ಕಡೆಯಿಂದ?

ಎಲ್ಲಕ್ಕಿಂತ ಗಟ್ಟಿಯಾದದ್ದು ಜೆಆರ್‌ಎಫ್, ಅಂದರೆ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಮೂಲಕ ಸಿಗುವ ಕಿರಿಯ ಸಂಶೋಧನಾ ಫೆಲೋಶಿಪ್. ಅದು ನಿಮ್ಮ ಹೆಸರಿಗೇ ಬರುತ್ತದೆ. ಮೊದಲ 2 ವರ್ಷ ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋಶಿಪ್) ಆದ ಮೇಲೆ 42,000. ಇದು 2023ರ ಜನವರಿಯಿಂದ ಜಾರಿಗೆ ಬಂದ ದರ. ಒಟ್ಟು 5 ವರ್ಷದವರೆಗೆ ಸಿಗುತ್ತದೆ. ಹಾಸ್ಟೆಲ್ ಕೊಡದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ.

ಎರಡನೆಯದು ಸಂಸ್ಥೆಯೇ ಕೊಡುವ ಫೆಲೋಶಿಪ್. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದಿದೆ. ಅಲ್ಲಿ ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್ ಪಡೆದವರೂ ಇದ್ದಾರೆ. 2018ರಲ್ಲಿ ಶುರುವಾದ ಆ ಯೋಜನೆಯಲ್ಲಿ ತಿಂಗಳಿಗೆ 70,000ದಿಂದ 80,000 ರೂಪಾಯಿ. ಪೈಪೋಟಿ ಮಾತ್ರ ವಿಪರೀತ. ಅದೊಂದನ್ನೇ ನಂಬಿ ಕೂರಬೇಡಿ.

ಮೂರನೆಯದು ಪ್ರಾಜೆಕ್ಟ್ ದುಡ್ಡು. ಗೈಡ್‌ಗೆ, ಅಂದರೆ ನಿಮ್ಮ ಸಂಶೋಧನೆಗೆ ಮಾರ್ಗದರ್ಶಕರಾದ ಪ್ರೊಫೆಸರ್‌ಗೆ ಬಂದ ಅನುದಾನದಲ್ಲಿ ನಿಮಗೆ ಸಂಬಳ. ಪ್ರಾಜೆಕ್ಟ್ ಮುಗಿದರೆ ಸಂಬಳವೂ ನಿಂತಿತು, ಥೀಸಿಸ್ ಅರ್ಧದಲ್ಲಿದ್ದರೂ ಅಷ್ಟೇ. ಹಾಗಂತ ಇದು ಬೇಡವೇ ಬೇಡ ಎನ್ನಲಾರೆ. ಒಂದು ವರ್ಷ ಪ್ರಾಜೆಕ್ಟ್‌ನಲ್ಲಿ ದುಡಿಯುತ್ತಾ ನೆಟ್‌ಗೆ ಓದುವುದು ಒಳ್ಳೆಯ ಉಪಾಯ. ಫೀಲ್ಡ್ ಕೆಲಸ ನಮಗೆ ಒಗ್ಗುತ್ತದೋ ಇಲ್ಲವೋ ಎಂಬುದೂ ಗೊತ್ತಾಗುತ್ತದೆ.

ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದವರಿಗೆ ಕೇಂದ್ರದ ರಾಷ್ಟ್ರೀಯ ಫೆಲೋಶಿಪ್‌ಗಳಿವೆ. ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಪಿಎಚ್‌.ಡಿ. ಫೆಲೋಶಿಪ್ ಪ್ರಕಟಣೆಗಳ ಮೇಲೂ ಒಂದು ಕಣ್ಣಿರಲಿ.

ಯಾವ ಪರೀಕ್ಷೆ?

ವಿಶ್ವವಿದ್ಯಾಲಯ ಅನುದಾನ ಆಯೋಗದ ಯುಜಿಸಿ-ನೆಟ್‌ನಲ್ಲಿ ಪರಿಸರ ವಿಜ್ಞಾನ ಪ್ರತ್ಯೇಕ ವಿಷಯ. ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಆವೃತ್ತಿಗಳು. ಜೆಆರ್‌ಎಫ್‌ಗೆ ವಯಸ್ಸಿನ ಮಿತಿ 30. ಮಹಿಳೆಯರಿಗೂ ಮೀಸಲಾತಿ ವರ್ಗದವರಿಗೂ 5 ವರ್ಷ ಸಡಿಲಿಕೆ ಇದೆ. ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ ಸಿಎಸ್‌ಐಆರ್-ನೆಟ್‌ನಲ್ಲಿ ಪರಿಸರ ವಿಜ್ಞಾನ ಎಂಬ ವಿಷಯವೇ ಇಲ್ಲ. ಕಾಡು, ಜೀವಿಗಳ ಕಡೆಯವರು ಜೀವ ವಿಜ್ಞಾನ ಬರೆಯುತ್ತಾರೆ. ನೀರು, ಹವಾಮಾನದವರು ಭೂ ವಿಜ್ಞಾನದ ಪತ್ರಿಕೆ. ಎಂಜಿನಿಯರಿಂಗ್ ಪದವೀಧರರು ಹೆಚ್ಚಾಗಿ ಬರೆಯುವ ಗೇಟ್ ಪರೀಕ್ಷೆಯಲ್ಲಿ 2021ರಿಂದ ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್ ಪತ್ರಿಕೆ ಇದೆ.

ಇಲ್ಲೊಂದು ಕಡೆ ಹುಷಾರಾಗಿರಬೇಕು. 2024ರಿಂದ ಯುಜಿಸಿ-ನೆಟ್ ಫಲಿತಾಂಶ ಮೂರು ದರ್ಜೆಗಳಲ್ಲಿ ಬರುತ್ತದೆ. ಕೊನೆಯದು ‘ಪಿಎಚ್‌.ಡಿ. ಪ್ರವೇಶಕ್ಕೆ ಮಾತ್ರ’. ಅದರಲ್ಲಿ ಸೀಟಿಗೆ ಅರ್ಹತೆ ಇದೆ, ದುಡ್ಡಿಲ್ಲ. ಆ ಅಂಕಗಳು ಒಂದೇ ವರ್ಷ ನಡೆಯುತ್ತವೆ. ‘ನೆಟ್ ಪಾಸ್’ ಎಂದು ಸಿಹಿ ಹಂಚುವ ಮುಂಚೆ ಯಾವ ದರ್ಜೆ ಅಂತ ನೋಡಿ.

ಎಲ್ಲಿಗೆ ಅರ್ಜಿ?

ಸಂಸ್ಥೆಯ ಹೆಸರು ನೋಡಿ ಆರಿಸಬೇಡಿ, ನಿಮ್ಮ ಪ್ರಶ್ನೆ ನೋಡಿ ಆರಿಸಿ. ಪ್ರಾಣಿ, ಕೀಟ, ಕಾಡು ಎಂದರೆ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರ, ಇಲ್ಲವೇ ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯ) ಆವರಣದ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವ ವಿಜ್ಞಾನ ಕೇಂದ್ರ). ಮುಂಗಾರು, ಹವಾಮಾನ ಬದಲಾವಣೆಗೂ ವಿಜ್ಞಾನ ಸಂಸ್ಥೆಯಲ್ಲಿ ಬೇರೆ ಕೇಂದ್ರಗಳಿವೆ. ಜನ ಮತ್ತು ಪರಿಸರ ಎರಡನ್ನೂ ಒಟ್ಟಿಗೆ ನೋಡುವ ಆಸೆ ಇದ್ದರೆ ಜಕ್ಕೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆ. ಅಲ್ಲಿ ಸಮಾಜ ವಿಜ್ಞಾನ ಓದಿದವರಿಗೂ ಜಾಗವಿದೆ. ನೀರಿನ, ಕಾಡಿನ ಅರ್ಥಶಾಸ್ತ್ರಕ್ಕೆ ನಾಗರಭಾವಿಯ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ). ಜ್ಞಾನಭಾರತಿಯ ಬೆಂಗಳೂರು ವಿಶ್ವವಿದ್ಯಾಲಯದಲ್ಲೂ ಪರಿಸರ ವಿಜ್ಞಾನ ವಿಭಾಗವಿದೆ. ವಿಜ್ಞಾನ ಸಂಸ್ಥೆಯ ಅರ್ಜಿ ಸಾಮಾನ್ಯವಾಗಿ ವರ್ಷದ ಮೊದಲ ತಿಂಗಳುಗಳಲ್ಲೇ ಬಂದು ಹೋಗುತ್ತದೆ. ಜನವರಿಯಿಂದಲೇ ವೆಬ್‌ಸೈಟ್ ನೋಡುತ್ತಿರಿ.

ಗೈಡ್‌ಗೆ ಬರೆಯುವುದು

ಹೆಚ್ಚಿನವರು ಎಡವುವುದು ಇಲ್ಲೇ. ಒಂದೇ ಇಮೇಲನ್ನು ಸುಮ್ನೆ ಇಪ್ಪತ್ತು ಜನಕ್ಕೆ ಕಳಿಸುತ್ತಾರೆ. ‘ನನಗೆ ಪರಿಸರ ಎಂದರೆ ತುಂಬಾ ಪ್ರೀತಿ’ ಎಂಬ ಸಾಲು ಓದಿ ಓದಿ ಪ್ರೊಫೆಸರ್‌ಗಳಿಗೆ ಸಾಕಾಗಿರುತ್ತದೆ. ಅವರ ಇತ್ತೀಚಿನ ಎರಡು ಲೇಖನ ಪೂರ್ತಿ ಓದಿ. ಆಮೇಲೆ ಒಂದು ನಿಜವಾದ ಪ್ರಶ್ನೆ ಇಟ್ಟುಕೊಂಡು ಬರೆಯಿರಿ.

ಪ್ರಶ್ನೆ ಎಂದರೆ ಹೇಗಿರಬೇಕು? ಕೆ.ಸಿ. ವ್ಯಾಲಿ ಯೋಜನೆಯನ್ನೇ ತಗೊಳ್ಳಿ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ತುಂಬುತ್ತಾರೆ. ‘ಕೆರೆಗಳ ಮಾಲಿನ್ಯದ ಅಧ್ಯಯನ’ ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ. ‘ಈ ನೀರು ತುಂಬಿದ ಕೆರೆಯ ಪಕ್ಕದ ಬೋರ್‌ವೆಲ್‌ನಲ್ಲಿ ಮತ್ತು ಎರಡು ಕಿಲೋಮೀಟರ್ ಆಚೆಯ ಬೋರ್‌ವೆಲ್‌ನಲ್ಲಿ ನೈಟ್ರೇಟ್ ಎಷ್ಟಿದೆ? ಮಳೆಗಾಲದ ಮೊದಲು ಮತ್ತು ನಂತರ ಹೇಗೆ ಬದಲಾಗುತ್ತದೆ?’ ಎಂದರೆ ಕೆಲಸ ಕಣ್ಣಿಗೆ ಕಾಣುತ್ತದೆ. ಎಲ್ಲಿ, ಏನು, ಯಾವಾಗ ಅಳೆಯಬೇಕು ಎಂಬುದು ಅದರಲ್ಲೇ ಇದೆ. ಬಸ್ಸಿನಲ್ಲಿ ಹೋಗಿ ಸ್ಯಾಂಪಲ್ ತರುವಷ್ಟು ಹತ್ತಿರ ಎಂಬುದೂ ಒಂದು ಲಾಭ.

ಕಾಗದ ಒಂದು ಪುಟ ಮೀರದಿರಲಿ. ನಿಮಗೆ ಬರುವ ಕೆಲಸ ಹೇಳಿ: ಜಿಐಎಸ್ (ಕಂಪ್ಯೂಟರ್‌ನಲ್ಲಿ ನಕ್ಷೆ ವಿಶ್ಲೇಷಣೆ), ಅಂಕಿ-ಅಂಶ ವಿಶ್ಲೇಷಣೆ, ಲ್ಯಾಬ್ ಪರೀಕ್ಷೆ. ಕನ್ನಡ ಬರುವುದನ್ನೂ ಬರೆಯಿರಿ. ಹಳ್ಳಿಯಲ್ಲಿ ರೈತರನ್ನು ಮಾತಾಡಿಸಬಲ್ಲ ವಿದ್ಯಾರ್ಥಿ ಎಷ್ಟೋ ತಂಡಗಳಿಗೆ ಬೇಕು. ಗೈಡ್ ಹತ್ತಿರ ಜಾಗ ಇದೆಯೇ ಎಂದೂ ಕೇಳಿ. 2022ರ ಯುಜಿಸಿ ನಿಯಮದಂತೆ ಪ್ರೊಫೆಸರ್‌ಗೆ 8, ಅಸೋಸಿಯೇಟ್ ಪ್ರೊಫೆಸರ್‌ಗೆ 6, ಅಸಿಸ್ಟೆಂಟ್ ಪ್ರೊಫೆಸರ್‌ಗೆ 4 ಪಿಎಚ್‌.ಡಿ. ವಿದ್ಯಾರ್ಥಿಗಳು ಅಷ್ಟೇ.

ಸೇರುವ ಮುಂಚೆ

ಅಲ್ಲಿರುವ ಸೀನಿಯರ್‌ಗಳ ಜೊತೆ ಒಂದು ಕಾಫಿ ಕುಡಿಯಿರಿ. ಸ್ಟೈಪೆಂಡ್ ಯಾವ ತಾರೀಕಿಗೆ ಬರುತ್ತೆ, ಫೀಲ್ಡ್ ಖರ್ಚು ಯಾರದು, ಐದು ವರ್ಷ ದಾಟಿದವರಿಗೆ ಏನು ವ್ಯವಸ್ಥೆ ಎಂದು ಕೇಳಿ. ಜೆಆರ್‌ಎಫ್ ಇದ್ದವರಿಗೂ ಮೊದಲ ಕಂತು ತಡವಾಗುವುದುಂಟು, ಮೂರ್ನಾಲ್ಕು ತಿಂಗಳ ಖರ್ಚು ಕೈಯಲ್ಲಿರಲಿ. ಯುಜಿಸಿ ಫೆಲೋಶಿಪ್ ಕೆನರಾ ಬ್ಯಾಂಕ್ ಪೋರ್ಟಲ್ ಮೂಲಕ ಬರುತ್ತದೆ, ಸಂಸ್ಥೆಯವರು ಅದನ್ನು ತಿಂಗಳು ತಿಂಗಳು ದೃಢಪಡಿಸಬೇಕು. ಆ ಕೆಲಸ ಕಚೇರಿಯಲ್ಲಿ ಯಾರ ಟೇಬಲ್ಲಿನದು ಎಂದು ಸೇರಿದ ದಿನವೇ ತಿಳಿದುಕೊಳ್ಳಿ.